ಕಿಟಕಿ ಮುಚ್ಚಿದ ಅರಮನೆ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಹೊನ್ನಾದೇವಿಯ ಮೂರು ಒಗಟು ಬಿಡಿಸಿದವನಿಗೆ ಅವಳೊಡನೆ ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ಮರಣದಂಡನೆ!" ಹೀಗೆಂದು ಅರಸ ಊರೂರಿಗೂ ಡಂಗುರ ಸಾರಿಸಿದ.

ಹೊನ್ನಾದೇವಿ ಒಗಟು ಕಟ್ಟಿದ್ದು ಹುಡುಗಾಟಕ್ಕಲ್ಲ, ಒಡಲ ಸಂಕಟಕ್ಕೆ. ಆ ವಂಶದಲ್ಲಿ ರಾಣಿ ಕಾಯಿಲೆ ಬಿದ್ದರೆ ಅವಳ ಕೋಣೆಯಲ್ಲಿ ಪರಿಮಳದ ಮೇಣದಬತ್ತಿ ಆರದಂತೆ ಉರಿಯಬೇಕು. ಗಾಳಿಗೆ ಆರೀತೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಬೇಕು. ತಾಯಿಯೋ ಆ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಸೊರಗುತ್ತಿದ್ದಳು. "ಕಿಟಕಿ ತೆಗೆಸಿ ಅಪ್ಪಾಜಿ" ಎಂದರೆ ಅರಸ, "ನಿನ್ನ ತಾಯಿಯ ಪ್ರಾಣ ಆ ಬತ್ತಿಯಲ್ಲಿದೆ, ಹುಚ್ಚುಚ್ಚಾಗಿ ಮಾತಾಡಬೇಡ" ಎಂದು ಗದರುತ್ತಿದ್ದ. ಹೇಳಿ ಹೇಳಿ ಸಾಕಾಗಿ, ಪರರ ಬಾಯಿಂದಲಾದರೂ ಹೇಳಿಸೋಣವೆಂದು ಅವಳು ತಾಯಿಯ ಮಂಚದ ಬಳಿಯೇ ಒಗಟು ಕೇಳಲು ಕೂತಳು.

"ಮೈತುಂಬ ಪರಿಮಳ ಪೂಸಿಕೊಂಡು ಬರುವ ನೆಂಟ, ಇದ್ದಷ್ಟು ಹೊತ್ತೂ ಉಸಿರು ಕಟ್ಟಿಸುತ್ತಾನೆ. ಯಾರು?"

ಒಬ್ಬ ರಾಜಕುಮಾರ "ಸಂಪಿಗೆ" ಎಂದ. ಇನ್ನೊಬ್ಬ ಮೀಸೆ ತಿರುವುತ್ತಾ "ಮನ್ಮಥ" ಎಂದ. ಇಬ್ಬರೂ ರಾಣಿಗೆಂದು ತಂದ ಕಾಣಿಕೆ ಪರಿಮಳದ ಬತ್ತಿಯೇ. ಉತ್ತರವನ್ನು ಕೈಯಲ್ಲೇ ಹಿಡಿದು ನಿಂತ ಈ ದಡ್ಡರನ್ನು ನೋಡಿ ಹೊನ್ನಾದೇವಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಮರಣದಂಡನೆಯ ದಿನದವರೆಗೆ ಅವರನ್ನು ಸೆರೆಮನೆಗೆ ಎಳೆದೊಯ್ದರು, ಬತ್ತಿಗಳನ್ನು ರಾಣಿಯ ತಲೆದೆಸೆಯಲ್ಲಿ ಹಚ್ಚಿಟ್ಟರು.

ಆಮೇಲೆ ಕಾಣಿಕೆಗೆಂದು ತಾನೂ ಒಂದು ಮೇಣದಬತ್ತಿ ಹಿಡಿದು ಬಂದವನು ಜೇನು ಕೀಳುವ ಮಾಚ. ಒಳಗೆ ಕಾಲಿಟ್ಟವನೇ ಕೆಮ್ಮಿದ.

"ಇದೇ ಕಣ್ರವ್ವ ನಿಮ್ಮ ನೆಂಟ, ಈ ಪರಿಮಳದ ಬತ್ತಿ" ಎಂದ.

ಹೊನ್ನಾದೇವಿ ನೆಟ್ಟಗೆ ಕೂತಳು. "ತಲೆಗೂದಲು ಬೆಳೆದಷ್ಟೂ ಗೋಡೆಗೆ ಮಸಿ ಬಳಿಯುತ್ತಾನೆ. ಅವನನ್ನು ಹದಕ್ಕೆ ತರುವುದು ಹೇಗೆ?"

"ಬತ್ತಿಯೊಳಗಿನ ನೂಲು. ಹಚ್ಚೋಕೆ ಮುಂಚೆ ತುದಿ ಕತ್ತರಿಸ್ಬೇಕು. ನಾನು ತಂದಿರೋದು ಬರೀ ಜೇನುಮೇಣದ್ದು, ಪರಿಮಳ ಬೆರೆಸಿಲ್ಲ. ಆದ್ರೂ ನೂಲು ಉದ್ದ ಬಿಟ್ರೆ ಇದೂ ಹೊಗೆ ಕಾರ್ತದೆ."

"ಹೊರಗೇ ಕಾದು ನಿಂತ ವೈದ್ಯ, ಕಾಣಿಕೆ ಕೇಳುವುದಿಲ್ಲ. ಈ ಮನೆಯವರು ಮಾತ್ರ ಅವನನ್ನು ಒಳಗೆ ಬಿಡುವುದಿಲ್ಲ. ಯಾರವನು?"

ಮಾಚ ಮಂಚದ ಪಕ್ಕ ನಿಂತಿದ್ದ ಅರಸನ ಸೊಂಟದ ಕತ್ತಿಯನ್ನು ನೋಡಿದ. "ಹೇಳಿದ್ರೂ ತಲೆ ಹೋಗ್ತದೆ, ಸುಮ್ಮನಿದ್ರೂ ಹೋಗ್ತದೆ" ಎಂದು ಗೊಣಗುತ್ತಾ ಹೋಗಿ ಕಿಟಕಿಯನ್ನು ತಳ್ಳಿಬಿಟ್ಟ. ಗಾಳಿ ನುಗ್ಗಿತು. ಬತ್ತಿಗಳೆಲ್ಲ ಆರಿಹೋದವು.

"ರಾಣಿಯನ್ನು ಕೊಂದೆಯಲ್ಲೋ ಪಾಪಿ" ಎಂದು ಅರಸ ಕತ್ತಿ ಹಿರಿದ.

"ಗಾಳಿ, ಬುದ್ಧೀ" ಎಂದ ಮಾಚ, ಕಣ್ಣು ಮುಚ್ಚಿಕೊಂಡೇ. "ವೈದ್ಯ ಅಂದ್ರೆ ಗಾಳಿ."

ಮಂಚದಲ್ಲಿ ರಾಣಿ ನೀಳವಾಗಿ ಉಸಿರೆಳೆದುಕೊಂಡಳು. "ಅದನ್ನು ಮುಚ್ಚಬೇಡಿ" ಎಂದಳು.

ಅರಸನ ಕತ್ತಿ ಕೆಳಗಿಳಿಯಿತು. ರಾಜಕುಮಾರರಿಗೆ ಬಿಡುಗಡೆಯಾಯಿತು, ಮಾಚನಿಗೆ ಅರ್ಧ ರಾಜ್ಯ ಸಿಕ್ಕಿತು, ಮದುವೆಗೆ ಹೊನ್ನಾದೇವಿ ಒಪ್ಪಿದಳು. ಆದರೂ ಅವಳ ಸಿಟ್ಟು ಇಳಿಯಲಿಲ್ಲ.

"ಇದನ್ನೇ ನಾನು ಮೊದಲ ದಿನವೇ ಹೇಳಿದ್ದೆ ಅಪ್ಪಾಜಿ" ಎಂದಳು.

ಅರಸ ಮಗಳ ಮುಖ ನೋಡಲಾರದೆ, ಉಳಿದ ಕಿಟಕಿಗಳನ್ನು ತಾನೇ ಒಂದೊಂದಾಗಿ ತೆರೆಯುತ್ತಾ ಹೋದ.