ಎದುರುಮನೆಯ ಬಾಗಿಲು

"ತಪ್ಪು ಮಾಡದವನು ತನ್ನ ಗಂಟು ಬಿಚ್ಚಿ ತೋರಿಸಲು ಏಕೆ ಹಿಂಜರಿಯಬೇಕು, ಗುರುಗಳೇ?" ಎಂದು ಹಿರಿಯ ಶಿಷ್ಯ ಕೇಳಿದ.

ಮಠದ ಉಗ್ರಾಣದಿಂದ ಒಂದು ಬೆಳ್ಳಿಯ ತಂಬಿಗೆ ಕಾಣೆಯಾಗಿತ್ತು. ಎಲ್ಲರ ಗಂಟನ್ನೂ ಅಂಗಳದಲ್ಲಿ ಬಿಚ್ಚಿಸಿ ನೋಡಿಬಿಡೋಣ ಎಂಬುದು ಅವನ ಸಲಹೆ. ಕೆಲವರು ಒಲ್ಲೆವೆಂದಿದ್ದರು. ಒಲ್ಲೆವೆಂದವರ ಮೇಲೆಯೇ ಅವನಿಗೆ ಈಗ ಅನುಮಾನ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ನೂಲಿಗೆ ನೀಲಿ ಬಣ್ಣ ಹಾಕುವ ಒಬ್ಬ ಹೆಂಗಸಿದ್ದಳು. ಊರವರು ಅವಳನ್ನು ಬಣ್ಣಗಾರ್ತಿ ಎನ್ನುತ್ತಿದ್ದರು. ನೀಲಿಯ ಕೆಲಸ ಅವಸರದವರದಲ್ಲ. ದೊಡ್ಡ ಮಣ್ಣಿನ ಗುಡಾಣದಲ್ಲಿ ನೀಲಿ ಹುದುಗು ಬರಬೇಕು. ಬರುವ ತನಕ ಮುಚ್ಚಳ ತೆಗೆಯಬಾರದು, ಕಲಕಬಾರದು. ನಡುವೆ ಗಾಳಿ ಹೊಕ್ಕರೆ ಬಣ್ಣ ನೂಲಿಗೆ ಹಿಡಿಯುವುದಿಲ್ಲ, ಅಷ್ಟೂ ದಿನದ ದುಡಿಮೆ ಚರಂಡಿ ಪಾಲು. ಅವಳು ಗಂಡನನ್ನೂ ಆ ಕೋಣೆಗೆ ಬಿಡುತ್ತಿರಲಿಲ್ಲ. ಅಲ್ಲಿನ ವಾಸನೆಗೆ ಗಂಡನೂ ಆಸೆಪಟ್ಟವನಲ್ಲ.

ಆ ನಾಡಿನ ರಾಣಿಯ ಮೂಗುತಿ ಒಮ್ಮೆ ಕಳೆಯಿತು. ಯಾವ ಮನೆಗಾದರೂ ನುಗ್ಗಿ ಹುಡುಕಬಹುದೆಂದು ದೊರೆ ಕಾವಲುಗಾರರಿಗೆ ಅಪ್ಪಣೆ ಕೊಟ್ಟ. ಮೂಗುತಿ ರಾಣಿಯ ಹಾಸಿಗೆಯ ಮಡಿಕೆಯಲ್ಲೇ ಸಿಕ್ಕಿತು. ಅಪ್ಪಣೆಯನ್ನು ಹಿಂದಕ್ಕೆ ಪಡೆಯುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಕಾವಲುಗಾರರಿಗಂತೂ ನೆನಪಿಸುವ ಆತುರವಿರಲಿಲ್ಲ. ಅವರು ಮನೆ ಮನೆ ಹೊಕ್ಕು ಹುಡುಕುತ್ತಲೇ ಇದ್ದರು. ಏನನ್ನು ಎಂದು ಕೇಳಿದರೆ, ಸಿಕ್ಕಾಗ ತಿಳಿಯುತ್ತದೆ ಎನ್ನುತ್ತಿದ್ದರು.

ಒಂದು ದಿನ ಬಣ್ಣಗಾರ್ತಿಯ ಮನೆಗೂ ಬಂದರು. ಮುಚ್ಚಳ ತೆಗೆದು ಗುಡಾಣಕ್ಕೆ ಕೋಲು ಹಾಕಿ ತಿರುಗಿಸಿದರು. ಏನೂ ಸಿಗಲಿಲ್ಲ, ಬಣ್ಣ ಕೆಟ್ಟಿತು. ಅವಳು ನೇರವಾಗಿ ದೊರೆಯ ಬಳಿಗೆ ಹೋಗಿ ಅತ್ತಳು. ದೊರೆ ಕೆಟ್ಟವನಲ್ಲ, ಮರುಗಿದ. ಈ ಮನೆಗೆ ಯಾರೂ ನುಗ್ಗಕೂಡದೆಂದು ಮುದ್ರೆಯೊತ್ತಿದ ತಾಮ್ರದ ಬಿಲ್ಲೆಯೊಂದನ್ನು ಕೊಟ್ಟ. ಅವಳು ಅದನ್ನು ಬಾಗಿಲಿಗೆ ಹೊಡೆದು, ಅರಿಸಿನ ಕುಂಕುಮ ಹಚ್ಚಿ, ಹೊಸ ಗುಡಾಣ ಹೂಡಿ ನೆಮ್ಮದಿಯಾಗಿದ್ದಳು.

ಬಿಲ್ಲೆಯ ಸುದ್ದಿ ಹಬ್ಬಿತು. ಅರಮನೆಯಲ್ಲಿ ಗುರುತಿನವರಿದ್ದವರೆಲ್ಲ ಒಂದೊಂದು ಬಿಲ್ಲೆ ತಂದು ಹೊಡೆದುಕೊಂಡರು. ಉಳಿದವರ ಮನೆಗಳಲ್ಲಿ ಹುಡುಕಾಟ ಇಮ್ಮಡಿಯಾಯಿತು. ಕಾವಲುಗಾರರಿಗೂ ದಿನದ ಕೆಲಸ ತೋರಿಸಬೇಕಲ್ಲ. ಅದೇ ಬೀದಿಯ ಕುಂಬಾರಗಿತ್ತಿಯ ಮಗಳು ತವರಿಗೆ ಬಂದು ಹೆತ್ತಿದ್ದಳು. ಕಾವಲುಗಾರರು ಬಾಣಂತಿಯ ಕೋಣೆಗೇ ನುಗ್ಗಿದರು. ಅವಳನ್ನು ಎಬ್ಬಿಸಿ ನಿಲ್ಲಿಸಿ, ಕೂಸನ್ನು ಬದಿಗಿಡಿಸಿ, ಹಾಸಿಗೆ ಕೊಡವಿ ಹೋದರು.

ಕುಂಬಾರಗಿತ್ತಿ ಬಣ್ಣಗಾರ್ತಿಯ ಜಗಲಿಗೆ ಬಂದು ಕೂತಳು. ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ.

"ಅಕ್ಕಾ, ನಿನ್ನ ಗುಡಾಣಕ್ಕಿರೋ ಮರ್ಯಾದೆ ನನ್ನ ಮಗಳಿಗೆ ಇಲ್ಲದೆ ಹೋಯ್ತಲ್ಲ" ಎಂದಳು.

ಬಣ್ಣಗಾರ್ತಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು, ಅದೂ ತನ್ನ ಮೇಲೆಯೇ. ಬಿಲ್ಲೆಯನ್ನು ಕಿತ್ತು ತೆಗೆದುಕೊಂಡು ಹೋಗಿ ದೊರೆಯ ಮುಂದಿಟ್ಟಳು. ತನ್ನ ಕೃಪೆ ಸಾಲದಾಯಿತೇ ಎಂದು ದೊರೆ ನೊಂದುಕೊಂಡ. ಕೃಪೆ ದೊಡ್ಡದೇ, ಆದರೆ ಬೇಕಾಗಿರುವುದು ಎಲ್ಲ ಬಾಗಿಲಿಗೂ ಸಲ್ಲುವ ಒಂದು ಕಟ್ಟಳೆ ಎಂದಳು. ಕಟ್ಟಳೆ ಮಾಡುವುದು ನಾಡಸಭೆಯ ಕೆಲಸ, ಅಲ್ಲಿ ಹೋಗಿ ಕೇಳು ಎಂದು ದೊರೆ ಕೈ ತೊಳೆದುಕೊಂಡ.

ನಾಡಸಭೆ ಸೇರುತ್ತಿದ್ದುದು ಹುಣ್ಣಿಮೆಗೊಮ್ಮೆ. ಮೊದಲ ಸಲ ಅವಳು ಒಬ್ಬಳೇ ಹೋದಳು. ಅವಳ ಮಾತು ಮುಗಿಯುವ ಮೊದಲೇ ಸಭಿಕರು ಊಟಕ್ಕೆ ಎದ್ದರು. ಊರಿಗೆ ಮರಳಿದವಳು ಬೀದಿ ಬೀದಿ ಸುತ್ತಿದಳು. ಮಡಕೆ ಸುಡುವ ಆವಿಗೆಯನ್ನು ಕಾವಲುಗಾರರಿಂದ ಕೆದಕಿಸಿಕೊಂಡಿದ್ದ ಕುಂಬಾರರು ಜೊತೆಗೂಡಿದರು, ಗಾಣಿಗರು ಬಂದರು. ಬಿಲ್ಲೆ ಇದ್ದವರು ತಮಗೇಕೆ ಊರ ಉಸಾಬರಿ ಎಂದರು. ಎದುರುಮನೆಯ ಹತ್ತಿ ವ್ಯಾಪಾರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತನ್ನ ಮನೆಯ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ, ಬಚ್ಚಿಡುವಂಥದ್ದು ಇದ್ದವರು ಮಾತ್ರ ಇಂಥ ಕಟ್ಟಳೆ ಕೇಳುತ್ತಾರೆ ಎಂದು ಸಭೆಯಲ್ಲೇ ನಿಂತು ಹೇಳಿದ. ಅವಳಿಗೆ ಮೊದಲೇ ಅವನನ್ನು ಕಂಡರಾಗುತ್ತಿರಲಿಲ್ಲ. ಒಣಹಾಕಿದ ಅವಳ ನೂಲಿನ ಲಡಿಗಳು ಆಗಾಗ ಮಾಯವಾಗುತ್ತಿದ್ದವು. ಅದು ಅವನದೇ ಕೈವಾಡವೆಂದು ಅವಳ ಗುಮಾನಿ.

ಹುಣ್ಣಿಮೆಗಳು ಕಳೆದವು. ಬರುವವರ ಸಂಖ್ಯೆ ಬೆಳೆಯುತ್ತಾ ಹೋದಾಗ ಸಭಿಕರಿಗೆ ಊಟಕ್ಕೆ ಏಳುವುದು ಕಷ್ಟವಾಯಿತು. ಕಡೆಗೆ ಒಂದು ಕರಡು ಓದಿದರು: ಅಗತ್ಯವಿಲ್ಲದೆ ಕಾವಲುಗಾರರು ಯಾರ ಮನೆಗೂ ಹೋಗಕೂಡದು. ಜನ ಗೆದ್ದೆವೆಂದು ಎದ್ದರು. ಅಗತ್ಯವಿದೆಯೋ ಇಲ್ಲವೋ ಎಂದು ಹೇಳುವವರು ಯಾರು ಎಂದು ಅವಳು ಕೂತಲ್ಲಿಂದಲೇ ಕೇಳಿದಳು. ಕಾವಲುಗಾರರೇ ಎಂದು ಉತ್ತರ ಬಂತು. ಎದ್ದವರು ಮತ್ತೆ ಕೂತರು.

ಆಮೇಲೂ ಬಹಳ ದಿನ ಎಳೆದಾಡಿ, ಕಟ್ಟಳೆ ಆಯಿತು. ಏನನ್ನು ಹುಡುಕುತ್ತಿದ್ದೇನೆ, ಅದು ಈ ಮನೆಯಲ್ಲೇ ಇದೆಯೆಂದು ಏಕೆ ನಂಬಿದ್ದೇನೆ ಎಂಬುದನ್ನು ಕಾವಲುಗಾರ ಆ ಬೀದಿಯ ಇಬ್ಬರ ಮುಂದೆ ಹೇಳಬೇಕು. ಇಬ್ಬರೂ ಒಪ್ಪಿದರೆ ಮಾತ್ರ ಹೊಸ್ತಿಲು ದಾಟಬೇಕು. ಬಿಲ್ಲೆಗಳೆಲ್ಲ ರದ್ದಾದವು.

ಕಟ್ಟಳೆಯಾದ ಮೇಲೆ ಕಾವಲುಗಾರ ಆ ಬೀದಿಯಲ್ಲಿ ಮೊದಲು ಬಂದದ್ದು ಹತ್ತಿ ವ್ಯಾಪಾರಿಯ ಮನೆಗೆ. ಅಂದು ಮಾತ್ರ ಅವನ ಬಾಗಿಲು ಮುಚ್ಚಿತ್ತು. ವ್ಯಾಪಾರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಕಾವಲುಗಾರ ಬೀದಿಯ ಇಬ್ಬರನ್ನು ಕರೆದ. ಕುಂಬಾರಗಿತ್ತಿ ಬಂದಳು, ಬಣ್ಣಗಾರ್ತಿ ಬಂದಳು. ಅಕ್ಕ ಹೇಳಿದಂತೆ ಎಂದಳು ಕುಂಬಾರಗಿತ್ತಿ.

"ಏನು ಹುಡುಕ್ತಿದ್ದೀಯಪ್ಪಾ?" ಎಂದು ಬಣ್ಣಗಾರ್ತಿ ಕೇಳಿದಳು.

"ಒಳಗೆ ಹೋದರೆ ಗೊತ್ತಾಗುತ್ತಮ್ಮಾ. ಯಾರಿಗೆ ಗೊತ್ತು, ನಿಮ್ಮ ನೂಲೂ ಅಲ್ಲೇ ಸಿಕ್ಕೀತು" ಎಂದ ಕಾವಲುಗಾರ.

ಅವಳಿಗೆ ಆಸೆಯಾಯಿತು. ಆ ಮನೆಯ ಮೂಲೆ ಮೂಲೆ ತಡಕಬೇಕೆಂದು ಎಷ್ಟು ವರ್ಷದಿಂದ ಅನ್ನಿಸುತ್ತಿತ್ತೋ. ಸಭೆಯಲ್ಲಿ ಅವನು ಆಡಿದ ಮಾತಿನ ಉರಿ ಇನ್ನೂ ಆರಿರಲಿಲ್ಲ. ಹೂಂ ಎಂದರೆ ಸಾಕಿತ್ತು, ತಪ್ಪೆನ್ನುವವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ವ್ಯಾಪಾರಿ ಅವಳ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡುತ್ತಿದ್ದ.

"ಏನು ಅಂತ ತಿಳ್ಕೊಂಡು ಬಾ. ಅಲ್ಲಿ ತನಕ ನನ್ನ ಒಪ್ಪಿಗೆ ಇಲ್ಲ" ಎಂದಳು.

ಕಾವಲುಗಾರ ಸ್ವಲ್ಪ ಹೊತ್ತು ನಿಂತು ವಾದಿಸಿ, ಗೊಣಗುತ್ತಾ ಹೊರಟುಹೋದ. ವ್ಯಾಪಾರಿ ಏನೋ ಹೇಳಲು ಬಾಯಿ ತೆರೆದ. ಅವಳು ನಿಲ್ಲದೆ ತನ್ನ ಮನೆಗೆ ನಡೆದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ:

"ಹಾಗಾದರೆ ಆ ಮನೆಯೊಳಗೆ ಏನಿತ್ತು, ಗುರುಗಳೇ?"

"ಕಾವಲುಗಾರನೂ ಇದನ್ನೇ ಕೇಳುತ್ತಾ ಹೋದ, ಮಗು" ಎಂದರು ಗುರುಗಳು. ಶಿಷ್ಯ ತಲೆ ತಗ್ಗಿಸಿದ.