ಏಳರ ಮಗ್ಗಿಗೆ ಬಾಯಾಡಿಸಿದ ದೇವೀರಿ

ಹ್ಞೂಂ ಅಂತಿರು ಪುಟ್ಟಿ, ಇಲ್ಲಾಂದ್ರೆ ನಾನೇ ನಿದ್ದೆ ಹೋಗ್ತೀನಿ. ಒಂದಾನೊಂದು ಕಾಲದಲ್ಲಿ, ಮಕ್ಕಳೆಲ್ಲ ಮರಳ ಮೇಲೆ ಅಕ್ಷರ ತಿದ್ದೋ ಕಾಲದಲ್ಲಿ, ದೇವೀರಿ ಅಂತ ಹನ್ನೊಂದು ವರ್ಷದ ಹುಡುಗಿ ಇದ್ದಳಂತೆ. ಅವಳ ಊರಿನ ಮಠದಲ್ಲಿ ಪಾಠ ಹೇಳೋ ಐಗಳು ದಿನಾ ಸಂಜೆ ಮಗ್ಗಿ ಹೇಳಿಸೋರಂತೆ. ಅವರು ಕೂಗೋದು, ಜೊತೆಜೊತೆಗೇ ಮಕ್ಕಳೂ ಕೂಗೋದು; ಅವರ ದೊಡ್ಡ ಗಂಟಲಿನ ಮುಂದೆ ಪಕ್ಕದವರ ದನಿಯೂ ಕೇಳಿಸ್ತಿರಲಿಲ್ಲವಂತೆ. ಆರರ ತನಕ ದೇವೀರಿ ಗಂಟಲು ಹರಿಯೋ ಹಾಗೆ ಕೂಗೋಳು, ಏಳು ಬಂತು ಅಂದ್ರೆ ಬರೀ ತುಟಿ ಆಡಿಸೋಳಂತೆ. ಏಳರ ಮಗ್ಗಿ ಅವಳಿಗೆ ಬರ್ತಿರಲಿಲ್ಲ. ಅಷ್ಟೂ ಮಕ್ಕಳಲ್ಲಿ ತಾನೊಬ್ಬಳೇ ದಡ್ಡಿ ಅಂತ ಒಳಗೊಳಗೇ ಕುಗ್ಗಿಹೋಗಿದ್ದಳು ಪಾಪ. ಐಗಳಿಗೋ, ಇವಳ ಬಾಯಿ ನೋಡಿ ಭಾರೀ ಮೆಚ್ಚುಗೆ!

ಆಮೇಲೆ ಒಂದಿನ ಐಗಳ ಗಂಟಲು ಕಟ್ಟಿತಂತೆ. ನಾಳೆಯಿಂದ ನೀನೇ ಮುಂದೆ ನಿಂತು ಹೇಳಿಸಮ್ಮ ದೇವೀರಿ ಅಂದರಂತೆ. ಅವಳ ಜೀವ ಬಾಯಿಗೆ ಬಂತು. ಮಾರನೇ ದಿನ ಹೊಟ್ಟೆನೋವು ಅಂತ ಮಲಗಿದಳು, ಅವ್ವ ಓಮದ ಕಷಾಯ ಕುಡಿಸಿದಳಂತೆ. ಅದರ ಮಾರನೇ ದಿನ ಹಲ್ಲುನೋವು ಅಂದಳು, ಅವ್ವ ಲವಂಗ ಇಟ್ಟಳಂತೆ. ಮೂರನೇ ದಿನ ತಲೆನೋವು ಅಂದಾಗ ಅವ್ವ ಹಣೆ ಮುಟ್ಟಿ, ನಿಂಗೇನಾಗಿದೆಯೇ ನನ್ನ ಕಂದ ಅಂತ ಅಳೋಕೇ ಶುರು ಮಾಡಿದಳಂತೆ. ಸುಳ್ಳು ಹೇಳಿ ಅವ್ವನ್ನ ಅಳಿಸಿದೆನಲ್ಲಾ ಅಂತ ದೇವೀರಿಗೆ ಮುಖ ಎತ್ತೋಕಾಗದಷ್ಟು ನಾಚಿಕೆಯಾಯ್ತು. ಎದ್ದು ಮಠಕ್ಕೆ ಹೋದಳಂತೆ.

ಮುಂದೆ ನಿಂತಳು. ಆರರ ತನಕ ಸಲೀಸಾಗಿ ಹೇಳಿಸಿದಳು. ಆಮೇಲೆ ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ... ಅಲ್ಲೇ ನಿಂತುಹೋಯ್ತು. ನಂಗೆ ಬರಲ್ಲ ಐಗಳೇ, ಇಷ್ಟು ದಿನ ಸುಮ್ನೆ ಬಾಯಾಡಿಸ್ತಿದ್ದೆ ಅಂದುಬಿಟ್ಟಳಂತೆ.

ಈಗ ಎಲ್ಲಾ ನಗ್ತಾರೆ ಅಂತ ಕಣ್ಣು ಮುಚ್ಚಿಕೊಂಡಳು. ಯಾರೂ ನಗಲಿಲ್ಲ. ಗೊತ್ತಿರೋರು ಮುಂದಕ್ಕೆ ಹೇಳ್ರೋ ಅಂದರಂತೆ ಐಗಳು ಒಡಕು ದನೀಲಿ. ಎಲ್ಲರ ತಲೆಯೂ ಕೆಳಗೆ! ಒಬ್ಬರಿಗೂ ಬರ್ತಿರಲಿಲ್ಲವಂತೆ. ಎಲ್ಲರೂ ತುಟಿ ಆಡಿಸಿದವರೇ.

ಆಗ ನಾಚಿಕೆ ಐಗಳಿಗಾಯ್ತು ನೋಡು. ಅಯ್ಯೋ, ಇಷ್ಟು ದಿನ ನನ್ನ ಗಂಟಲು ನಾನೇ ಕೇಳಿಸ್ಕೊಂಡು ಖುಷಿಪಟ್ಟೆನಾ, ತಪ್ಪು ನಂದು ಕಣ್ರೋ ಅಂತ ಮಕ್ಕಳ ನಡುವೆ ನೆಲದ ಮೇಲೇ ಕೂತರಂತೆ. ಹುಣಸೆ ಬೀಜ ತರಿಸಿ, ಏಳೇಳು ಬೀಜದ ಗುಡ್ಡೆ ಮಾಡಿಸಿ, ಒಂದೊಂದೇ ಗುಡ್ಡೆ ಸೇರಿಸ್ತಾ ಎಣಿಸೋಕೆ ಹಚ್ಚಿದರಂತೆ. ತಪ್ಪಿದರೆ ಮತ್ತೆ ಎಣಿಸು ಅನ್ನೋರು, ಬೆತ್ತ ಮುಟ್ಟಲಿಲ್ಲ. ಮೂರು ದಿನ ಹಿಡೀತು. ನಾಲ್ಕನೇ ದಿನ ಮಕ್ಕಳು ಏಳರ ಮಗ್ಗಿ ಕೂಗಿದ್ದಕ್ಕೆ ಸೂರಲ್ಲಿದ್ದ ಪಾರಿವಾಳಗಳೆಲ್ಲ ಹಾರಿಹೋದವಂತೆ. ದೇವೀರಿಗೆ ಆಮೇಲೆ ಯಾವ ನೋವೂ ಬರಲಿಲ್ಲ, ಸುಖವಾಗಿದ್ದಳು.

ಅಲ್ಲಿಗೆ ಅವಳ ಕತೆ ಆಯ್ತು. ಈಗ ಈ ಕಡೆ ತಿರುಗು ಪುಟ್ಟಿ, ನಿಂಗೆ ಯಾವ ಮಗ್ಗಿ ಬರಲ್ಲ ಹೇಳು. ನಂಗೆ ಹದಿಮೂರರದ್ದು ಈಗಲೂ ಬರಲ್ಲ.