ತೋಳವಿಲ್ಲದ ದಿನದ ಕೊಡಲಿ

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯ ಎಂಬ ಗುರು ಕುರಿಗಳಿಗೆ ಮದ್ದು ಕೊಡುತ್ತಿದ್ದರು. ಮನುಷ್ಯರು ಬಂದರೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು.

ಶಿಷ್ಯ ಕೊಟ್ರೇಶ ಪಟ್ಟಣದಲ್ಲಿ ಪಶುವೈದ್ಯ ಓದಿ, ಸೂಕ್ಷ್ಮದರ್ಶಕ ಹೊತ್ತುಕೊಂಡು ಬಂದವನು. ಜಾಣ. ಜಾಣರಿಗೆ ತಡೆದುಕೊಳ್ಳುವುದು ಕಷ್ಟ, ಪಾಪ.

ಕುರಿ ಕಾಯುವ ಮೈಲವ್ವನ ಟಗರು ಹೋದ ವಾರ ಸತ್ತಿತ್ತು. ಅದರ ತಳಿ ಉಳಿದದ್ದು ಗಬ್ಬವಾದ ಎರಡು ಕುರಿಗಳ ಹೊಟ್ಟೆಯಲ್ಲಿ ಮಾತ್ರ. ಒಂದು ಕುರಿ ಬಂಡೆಯಿಂದ ಜಾರಿ ಬಿದ್ದು, ದಿನ ತುಂಬುವ ಮೊದಲೇ ಕಂದು ಹಾಕಿತು. ಇನ್ನೊಂದನ್ನು ಅವಳು ಆಶ್ರಮದಲ್ಲಿ ತಂದು ಕಟ್ಟಿದಳು.

"ಅಜ್ಜಾರ, ಇದೊಂದ ಉಳದೈತ್ರಿ ನನಗ. ಜ್ವಾಕಿಲೆ ನೋಡ್ಕೋರಿ," ಅಂದಳು.

ಕೊಟ್ರೇಶ ಬಿದ್ದುಹೋದ ಕಂದನ್ನು ಕೊಯ್ದು ನೋಡಿದ. ಗಂಡು. ಸೂಕ್ಷ್ಮದರ್ಶಕ ತಂದು ಮತ್ತೆ ನೋಡಿದ.

ಮರುದಿನ ಮಧ್ಯಾಹ್ನ ಗುರುವಿನ ಮುಂದೆ ನಿಂತ.

"ಅಜ್ಜಾರೆ, ಆ ಕಂದಿನ ವೃಷಣ ಈಗಷ್ಟೇ ಮೂಡುತ್ತಿತ್ತು. ಅದರ ತುಂಬ ಮೈಕಾವಲಿನ ಕೋಶಗಳು ಸೇರಿಕೊಂಡಿವೆ. ರೋಗ ಬಂದಾಗ ಅವು ಒಂದನ್ನೊಂದು ಕರೆಯಲು ಕಳಿಸುವ ಕಣಗಳಿರುತ್ತವಲ್ಲ, ಅವೂ ಇವೆ. ಒಳಗೆ ಕಾಳಗ ನಡೆದಿದೆ!"

"ಯಾರ ಮೇಲೆ?"

"ಅದೇ ತಿಳಿಯುತ್ತಿಲ್ಲ. ರೋಗಾಣು ಒಂದೂ ಸಿಗಲಿಲ್ಲ. ಉಳಿದ ಕುರಿಗೂ ಇದು ಐದನೇ ವಾರ. ಹೊಟ್ಟೆಯಲ್ಲಿರುವುದು ಗಂಡಾದರೆ ಅದರ ಬೀಜವೂ ಹೀಗೇ ಹಾಳಾಗುತ್ತದೆ. ಆ ಕಣಗಳ ಬಾಯಿ ಕಟ್ಟುವ ಮದ್ದು ನನ್ನ ಹತ್ತಿರ ಇದೆ. ಅಪ್ಪಣೆ ಕೊಡಿ."

ಅಪ್ಪಣೆ ಕೇಳಿದ್ದು ಮಧ್ಯಾಹ್ನ. ಅರ್ಧ ಮದ್ದನ್ನು ಬೆಳಿಗ್ಗೆಯೇ ಚುಚ್ಚಿ ಆಗಿತ್ತು. ಅದನ್ನು ಮಾತ್ರ ಬಾಯಿ ಬಿಡಲಿಲ್ಲ. ಉಳಿದರ್ಧವನ್ನು ಹೊತ್ತು ಮುಳುಗುವುದರೊಳಗೆ ಚುಚ್ಚಬೇಕಿತ್ತು.

ಗುರು ಅವನ ಮುಖವನ್ನೇ ನೋಡಿದರು.

"ಮೊದಲು ಒಂದು ಕೆಲಸ ಮಾಡು. ಮೈಲವ್ವ, ಅವಳ ಇಬ್ಬರು ತಮ್ಮಂದಿರು ಹೊರಗೆ ಕೊಡಲಿ ಹಿಡಿದಿದ್ದಾರೆ. ಇವತ್ತು ತೋಳ ಬಂದಿದೆಯಾ?"

"ಇಲ್ಲ."

"ಮತ್ತೆ ಕೊಡಲಿ ಯಾಕೆ? ಎಲ್ಲಾ ಇಸಕೊಂಡು ಬಾ."

ಕೊಟ್ರೇಶ ಹೋಗಿ ಕೇಳಿದ. ಮೈಲವ್ವ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ತಲಿ ಗಿಲಿ ಕೆಟ್ಟೈತೇನೋ ತಮ್ಮಾ?"

"ಅಜ್ಜಾರ ಮಾತು."

"ಅಜ್ಜಾರು ಅಂದಮ್ಯಾಗ ಮುಗೀತು ಬಿಡು," ಎಂದು ಮೂರೂ ಕೊಡಲಿಗಳನ್ನು ಅವನ ಕಾಲಬುಡಕ್ಕೆ ಒಗೆದಳು.

ಅವನ್ನು ತಂದು ಗುರುವಿನ ಮುಂದಿಟ್ಟು, "ಈಗ ಮದ್ದು ಹಾಕಲಾ?" ಅಂದ.

"ಕೂತುಕೋ."

"ಹೊತ್ತು ಹೋಗುತ್ತಿದೆ, ಅಜ್ಜಾರೆ!"

"ಕೂತುಕೋ ಅಂದೆ."

ಕೂತ. ಎದುರಿಗೇ ಮೈಲವ್ವನ ಬೇರೆ ತಳಿಯ ಮರಿಗಳನ್ನು ಕೂಡುವ ರೊಪ್ಪ. ಮೂರು ಕಡೆ ಮುಳ್ಳುಬೇಲಿ ಎದ್ದಿತ್ತು, ನಾಲ್ಕನೇ ಕಡೆ ಬಯಲು. ಕಡಿಯಬೇಕಾದ ಜಾಲಿ ರಾಶಿ ಹಾಗೇ ಬಿದ್ದಿತ್ತು. ಕತ್ತಲಾದರೆ ತೋಳ ತಿರುಗುವ ಸೀಮೆ ಅದು.

ಮರಿಗಳು ಬಯಲಿನ ಕಡೆಯಿಂದ ನುಸುಳಿ ಹೊಳೆಗೆ ಇಳಿಯತೊಡಗಿದವು. ತಮ್ಮಂದಿರು ಓಡಿದರು. ನೀರಿಗೆ ಬಿದ್ದ ಒಂದನ್ನು ಕಾಲು ಹಿಡಿದು ಎಳೆದರು. ಮೈಲವ್ವ ಬರಿಗೈಯಲ್ಲಿ ಜಾಲಿ ಮುರಿಯಹೋಗಿ ಅಂಗೈ ಹರಿದುಕೊಂಡಳು.

"ಏ ತಮ್ಮಾ!" ಅಲ್ಲಿಂದಲೇ ಚೀರಿದಳು. "ಕೊಡ್ಲಿ ಕೊಡ್ತೀಯೋ, ಇಲ್ಲಾ ನೀನಾ ಬಂದು ಬೇಲಿ ಆಗಿ ನಿಂದರತೀಯೋ?"

ಕೊಟ್ರೇಶನಿಗೆ ಕೂರಲಾಗಲಿಲ್ಲ. ಗುರುವನ್ನು ಕೇಳದೆ ಕೊಡಲಿಗಳನ್ನು ಬಾಚಿಕೊಂಡು ಓಡಿದ. ಗುರು ತಡೆಯಲಿಲ್ಲ.

ಅವರು ಕಡಿಯುತ್ತ ಹೋದರು, ಬೇಲಿ ಏಳುತ್ತ ಹೋಯಿತು. ಕೊಟ್ರೇಶ ನಿಂತು ನೋಡಿದ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಅವನ ಕಣ್ಣ ಮುಂದೆ ಬಂತು.

ತಿರುಗಿ ಬಂದಾಗ ಗುರುವೇ ಕೇಳಿದರು.

"ನೀನು ಕೊಯ್ದ ಕಂದಿನಲ್ಲಿ ಆ ಕಾವಲಿನವರ ಸುತ್ತ ಹೆಣ ಬಿದ್ದಿದ್ದವಾ?"

"ಇಲ್ಲ."

"ಮತ್ತೇನಿತ್ತು?"

"ಕೋಶಗಳು ಸಾಲು ಹಿಡಿಯುತ್ತಿದ್ದವು. ರಕ್ತನಾಳ ದಾರಿ ಮಾಡಿಕೊಳ್ಳುತ್ತಿತ್ತು. ಬೀಜ ಹುಟ್ಟುವ ಕೊಳವೆಗಳಿಗೆ..." ಅವನು ಬೇಲಿಯ ಕಡೆ ತಿರುಗಿ ನೋಡಿದ. "ಗೋಡೆ ಏಳುತ್ತಿತ್ತು, ಅಜ್ಜಾರೆ. ಆ ಕಾವಲಿನವರು ಕಟ್ಟುತ್ತಿದ್ದರು."

ಗುರು ಕಟ್ಟಿಹಾಕಿದ ಕುರಿಯ ಕಡೆ ನೋಡಿದರು.

"ನಾನು ಬೆಳಿಗ್ಗೆಯೇ ಅರ್ಧ ಚುಚ್ಚಿಬಿಟ್ಟೆ."

ಮರುಳಯ್ಯ ಎದ್ದು ನಿಂತರು. ಅಷ್ಟು ಸಿಟ್ಟನ್ನು ಕೊಟ್ರೇಶ ಆ ಮುಖದಲ್ಲಿ ಯಾವತ್ತೂ ಕಂಡಿರಲಿಲ್ಲ.

"ಚುಚ್ಚಿದ ಮೇಲೆ ಅಪ್ಪಣೆ ಕೇಳಿದೆಯಾ?"

"ತಪ್ಪಾಯಿತು." ಉಳಿದ ಮದ್ದನ್ನು ಮರಳಿಗೆ ಸುರಿದ. "ಮರಿಗೆ ಏನಾಗುತ್ತದೆ, ಅಜ್ಜಾರೆ?"

"ನನಗೆ ಗೊತ್ತಿಲ್ಲ. ನಿನಗೂ ಗೊತ್ತಿರಲಿಲ್ಲ."

ಹೊತ್ತು ಮುಳುಗುತ್ತಿತ್ತು. ಮೈಲವ್ವ ಇನ್ನೂ ಕಡಿಯುತ್ತಿದ್ದಳು.

"ಅವಳಿಗೆ ಹೇಳುತ್ತೇನೆ," ಅಂದ ಕೊಟ್ರೇಶ. "ಖಂಡಿತ ಹೇಳುತ್ತೇನೆ. ಬೇಲಿ ಮುಗಿಯಲಿ. ಅವಳು ಕೊಡಲಿ ಕೆಳಗಿಡಲಿ."

ಗುರು ಹೇಳಿದರು: "ಈಗಲೇ ಹೋಗು. ಕೊಡಲಿ ಅವಳ ಕೈಯಲ್ಲಿರುವಾಗಲೇ ಹೇಳು."